ಬಳಪದ ಗುರುತು

ತಿಪಟೂರಿಗೆ ಹೋಗೋ ದಾರಿಯಲ್ಲಿ, ಮಾರ್ಕೆಟ್ ಸಿಗೋಕೆ ಮುಂಚೆ ಒಂದು ಟೀ ಅಂಗಡಿ ಇತ್ತು. ತೊಂಬತ್ತರ ದಶಕದ ಮಧ್ಯಭಾಗ. ನಾನಾಗ ಒಂದನೇ ಕ್ಲಾಸೋ ಎರಡನೇ ಕ್ಲಾಸೋ. ಅಪ್ಪ ಕೊಬ್ಬರಿ ಮಾರೋಕೆ ಹೊರಟಾಗ ಹಟ ಮಾಡಿ ನಾನೂ ಟ್ರ್ಯಾಕ್ಟರ್ ಹತ್ತುತ್ತಿದ್ದೆ. ಆ ಅಂಗಡಿ ಮುಂದೆ ಎಲ್ಲಾ ಗಾಡಿಗಳೂ ನಿಲ್ಲುತ್ತಿದ್ದವು. ದೊಡ್ಡವರಿಗೆ ಟೀ, ನನಗೆ ಒಂದು ಬನ್ನು.

ಅಲ್ಲೊಬ್ಬ ಆಸಾಮಿ ಇರುತ್ತಿದ್ದ. "ಏನ್ ಯಜಮಾನ್ರೇ, ಈ ಸಲ ಎಷ್ಟು ಮೂಟೆ?" ಅಂತ ಮಾತಿಗೆ ಬರೋನು. ಮಾತಾಡ್ತಾ ಮಾತಾಡ್ತಾ ಜೇಬಿನಿಂದ ಬಳಪ ತೆಗೆದು ಮೂಟೆಗಳ ಮೇಲೆ ಒಂದೊಂದು ಸೊನ್ನೆ ಸುತ್ತೋನು. ನಾನು ಅದೇನೋ ಆಟ ಅಂದ್ಕೊಂಡಿದ್ದೆ. ನಮ್ಮ ಗಾಡಿ ಎಂದಿನಂತೆ ನಮ್ಮ ತಾತನ ಕಾಲದಿಂದ ವ್ಯವಹಾರ ಇದ್ದ ಮಂಡಿಗೇ ಹೋಗೋದು. ನಾವು ಮೂಟೆ ಇಳಿಸಿ ಮುಗಿಸೋ ಹೊತ್ತಿಗೆ ಆ ಆಸಾಮಿ ಹಿಂದಿನಿಂದ ಸೈಕಲ್ಲಲ್ಲಿ ಬಂದು, ತನ್ನ ಸೊನ್ನೆಗಳನ್ನು ಎಣಿಸಿ, "ಈ ಪಾರ್ಟಿ ನಾನು ಕರ್ಕೊಂಡು ಬಂದಿದ್ದು" ಅಂತ ಗುಮಾಸ್ತರ ಹತ್ರ ಮೂಟೆಗಿಷ್ಟು ಅಂತ ದುಡ್ಡು ಇಸ್ಕೊಂಡು ಹೋಗೋನು.

ಸುಮಾರು ಇಪ್ಪತ್ತು ವರ್ಷ ಆದಮೇಲೆ ಬೆಂಗಳೂರಿನ ಒಂದು ಆಫೀಸಿನ ಆರನೇ ಮಹಡಿಯಲ್ಲಿ ಕೂತು ಸರ್ವರ್ ಲಾಗ್ ನೋಡುತ್ತಿದ್ದಾಗ ಅದೇ ಬಳಪದ ಗುರುತು ಮತ್ತೆ ಕಣ್ಣಿಗೆ ಬಿತ್ತು. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಈ ಗುರುತಿನ ಚರಿತ್ರೆ ಹೇಳಬೇಕು, ಯಾಕಂದ್ರೆ ನಾವು ದಿನಾ ಆನ್‌ಲೈನಲ್ಲಿ ಕೊಳ್ಳೋ ಚಾರ್ಜರ್, ಚಪ್ಪಲಿ, ಬಸ್ ಟಿಕೆಟ್ ಎಲ್ಲದರ ಬೆಲೆಯಲ್ಲೂ ಇದರ ಒಂದು ಪಾಲು ಕೂತಿರುತ್ತೆ.

ಅಪ್ಪ ಟೀ ಕುಡೀತಿದ್ದ ಅದೇ ಸುಮಾರಿಗೆ, 1994ರಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಲೂ ಮೊಂಟುಲ್ಲಿ ಅನ್ನೋ ಎಂಜಿನಿಯರ್ ಒಂದು ಸಮಸ್ಯೆ ಬಿಡಿಸುತ್ತಿದ್ದ. ವೆಬ್ ಸರ್ವರ್‌ಗೆ ನೆನಪಿನ ಶಕ್ತಿ ಇರಲಿಲ್ಲ. ನೀವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದ್ರೆ ಸರ್ವರ್ ಪಾಲಿಗೆ ನೀವು ಹೊಸಬರು. ಹೀಗಾದ್ರೆ ಅಂಗಡಿ ನಡೆಸೋದು ಹೇಗೆ? ಬುಟ್ಟಿಯಲ್ಲಿ ಏನು ಹಾಕಿದ್ರು ಅಂತ ನೆನಪಿಡೋರು ಯಾರು? ಅದಕ್ಕೆ ಆತ ಕಂಡುಕೊಂಡ ಉಪಾಯ ಸರಳವಾಗಿತ್ತು. ಸರ್ವರ್ ಒಂದು ಚಿಕ್ಕ ಚೀಟಿ ಬರೆದು ಗಿರಾಕಿಯ ಬ್ರೌಸರ್ ಜೇಬಿಗೆ ಹಾಕುತ್ತೆ, ಮುಂದಿನ ಸಲ ಬಂದಾಗ ಬ್ರೌಸರ್ ಆ ಚೀಟಿ ತೋರಿಸುತ್ತೆ. ಆ ಚೀಟಿಗೆ ಕುಕಿ ಅಂತ ಹೆಸರಾಯ್ತು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಹಾಟ್‌ವೈರ್ಡ್ ಅನ್ನೋ ತಾಣದಲ್ಲಿ ಮೊದಲ ಬ್ಯಾನರ್ ಜಾಹೀರಾತುಗಳು ಬಂದವು. ಅಂಗಡಿ, ಚೀಟಿ, ಜಾಹೀರಾತು ಮೂರೂ ಒಂದೇ ವರ್ಷದ ಮಕ್ಕಳು ಅನ್ನಬಹುದು.

1996ರ ಜುಲೈಯಲ್ಲಿ ಅಮೆಜಾನ್ ತನ್ನ ಅಸೋಸಿಯೇಟ್ಸ್ ಕಾರ್ಯಕ್ರಮ ಶುರು ಮಾಡಿತು. ನಿಮ್ಮದೊಂದು ವೆಬ್‌ಸೈಟ್ ಇದೆ, ಅದರಲ್ಲಿ ಒಂದು ಪುಸ್ತಕದ ಬಗ್ಗೆ ಬರೀತೀರ, ಪಕ್ಕದಲ್ಲಿ ಅಮೆಜಾನ್ ಕೊಂಡಿ ಹಾಕ್ತೀರ. ನಿಮ್ಮ ಓದುಗ ಆ ಕೊಂಡಿ ಒತ್ತಿ ಹೋಗಿ ಪುಸ್ತಕ ಕೊಂಡರೆ ನಿಮಗೆ ಕಮಿಷನ್. ಓದುಗನ ಜೇಬಿನಲ್ಲಿರೋ ಕುಕಿಯೇ ಸಾಕ್ಷಿ. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಅಂತಾರೆ. ಜಾಹೀರಾತುದಾರನಿಗೆ ಇದಕ್ಕಿಂತ ಒಳ್ಳೇ ವ್ಯವಹಾರ ಯಾವುದಿದೆ? ಪತ್ರಿಕೆಗೆ ಜಾಹೀರಾತು ಕೊಟ್ರೆ ಯಾರು ನೋಡಿದ್ರೋ ಗೊತ್ತಿಲ್ಲ. ಇಲ್ಲಿ ಮಾಲು ಮಾರಾಟವಾದ ಮೇಲಷ್ಟೇ ದುಡ್ಡು. ಮೋಸ ಆಗೋಕೆ ಜಾಗವೇ ಇಲ್ಲ ಅಂತ ಎಲ್ಲರೂ ನಂಬಿದ್ರು.

ಆದ್ರೆ ಒಂದು ಸಣ್ಣ ತೂತು ಇತ್ತು. ಕಮಿಷನ್ ಸಿಗ್ತಿದ್ದಿದ್ದು ಗಿರಾಕಿಯನ್ನು ಕರ್ಕೊಂಡು ಬಂದೋನಿಗಲ್ಲ, ಗಿರಾಕಿಯ ಜೇಬಿನಲ್ಲಿ ಯಾರ ಚೀಟಿ ಇದೆಯೋ ಅವನಿಗೆ. ಎರಡೂ ಒಂದೇ ಅಂತ ವ್ಯವಸ್ಥೆ ಕಟ್ಟಿದವರು ಅಂದುಕೊಂಡಿದ್ರು. ಬಳಪದವನಿಗೆ ಮಾತ್ರ ಎರಡರ ನಡುವಿನ ವ್ಯತ್ಯಾಸ ಗೊತ್ತಿತ್ತು.

2000ದ ದಶಕದ ಮಧ್ಯದಲ್ಲಿ ಈಬೇ ಅಂದ್ರೆ ದೊಡ್ಡ ಸಂತೆ. ಅಮೆರಿಕದಲ್ಲಿ ಹಳೇ ಕ್ಯಾಮೆರಾದಿಂದ ಹಿಡಿದು ಕಾರಿನ ತನಕ ಅಲ್ಲಿ ಹರಾಜು. ಅದರ ಅಫಿಲಿಯೇಟ್ ಲೆಕ್ಕವನ್ನು ಕಮಿಷನ್ ಜಂಕ್ಷನ್ ಅನ್ನೋ ಇನ್ನೊಂದು ಕಂಪನಿ ನೋಡಿಕೊಳ್ಳುತ್ತಿತ್ತು. ಆ ಕಾಲಕ್ಕೆ ಈಬೇಯ ನಂಬರ್ ಒನ್ ಅಫಿಲಿಯೇಟ್ ಸ್ಯಾನ್ ಡಿಯಾಗೋದ ಶಾನ್ ಹೋಗನ್. ನಂಬರ್ ಎರಡು ಬ್ರಯಾನ್ ಡನಿಂಗ್. ಪತ್ರಿಕೆಗಳ ವರದಿ ಪ್ರಕಾರ ಈಬೇ ಹೋಗನ್‌ಗೆ ಒಟ್ಟು 2.8 ಕೋಟಿ ಡಾಲರ್, ಡನಿಂಗ್‌ಗೆ ಸುಮಾರು 53 ಲಕ್ಷ ಡಾಲರ್ ಕಮಿಷನ್ ಕೊಟ್ಟಿತ್ತು. ತಮಾಷೆ ಏನಂದ್ರೆ ಡನಿಂಗ್‌ಗೆ ಇನ್ನೊಂದು ಹೆಸರಿತ್ತು. ಜನರ ಮೂಢನಂಬಿಕೆಗಳನ್ನು, ಸುಳ್ಳು ವಿಜ್ಞಾನವನ್ನು ಬಯಲಿಗೆಳೆಯೋ ಸ್ಕೆಪ್ಟಾಯ್ಡ್ ಅನ್ನೋ ಪಾಡ್‌ಕಾಸ್ಟ್ ಅವನದೇ.

ಇವರು ಮಾಡಿದ್ದೇನು? ಬೇರೆಯವರ ವೆಬ್‌ಸೈಟುಗಳಿಗೆ ಪುಕ್ಕಟೆ ಆಟಿಕೆಗಳನ್ನು ಕೊಟ್ಟರು. ಹೋಗನ್‌ದು ಜಿಯೋ ವಿಸಿಟರ್ಸ್, ಅಂದ್ರೆ ನಿಮ್ಮ ಪುಟಕ್ಕೆ ಯಾವ ಯಾವ ಊರಿನಿಂದ ಜನ ಬಂದ್ರು ಅಂತ ನಕ್ಷೆಯಲ್ಲಿ ತೋರಿಸೋದು. ಡನಿಂಗ್‌ದು ಮೈಸ್ಪೇಸ್ ಪುಟಕ್ಕೆ ಹಾಕಿಕೊಳ್ಳೋ ಪ್ರೊಫೈಲ್‌ಮ್ಯಾಪ್ಸ್, ಬ್ಲಾಗುಗಳಿಗೆ ಹೂಲಿಂಕ್ಡ್. ಜನ ಖುಷಿಯಿಂದ ಹಾಕಿಕೊಂಡರು. ಆ ಪುಟಕ್ಕೆ ಯಾರಾದ್ರೂ ಬಂದ ತಕ್ಷಣ, ಕಣ್ಣಿಗೆ ಕಾಣದ ಹಾಗೆ, ಅವರ ಬ್ರೌಸರ್ ಹಿಂದಿನಿಂದ ಈಬೇಯ ಅಫಿಲಿಯೇಟ್ ಕೊಂಡಿಯನ್ನು ತಟ್ಟಿ ಬರುತ್ತಿತ್ತು. ಬಂದವನು ಏನೂ ಒತ್ತಿಲ್ಲ, ಈಬೇ ನೋಡಿಲ್ಲ, ನೋಡೋ ಯೋಚನೆಯೂ ಇಲ್ಲ. ಆದ್ರೆ ಜೇಬಿಗೆ ಚೀಟಿ ಬಿತ್ತು. ಆಮೇಲೆ ನಿಗದಿತ ದಿನಗಳೊಳಗೆ ಅವನು ತನ್ನ ಪಾಡಿಗೆ ಈಬೇಗೆ ಹೋಗಿ ಏನಾದ್ರೂ ಕೊಂಡರೆ, "ಈ ಪಾರ್ಟಿ ನಾನು ಕರ್ಕೊಂಡು ಬಂದಿದ್ದು!"

ಈ ಮೋಸಕ್ಕೆ ಕುಕಿ ಸ್ಟಫಿಂಗ್ ಅಂತಾರೆ, ಕುಕಿ ತುರುಕೋದು. ಈಬೇ ಥರದ ಸಂತೆಗೆ ಹೇಗೂ ದೇಶದ ಅರ್ಧ ಜನ ಬರ್ತಿರ್ತಾರೆ. ಸಿಕ್ಕ ಸಿಕ್ಕ ಜೇಬಿಗೆಲ್ಲಾ ಚೀಟಿ ತುರುಕಿದ್ರೆ ಒಂದಷ್ಟು ಚೀಟಿ ದುಡ್ಡಾಗೇ ಆಗುತ್ತೆ.

ಆರೋಪಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿವರ ಇದೆ. ಬಂದವನ ಕಂಪ್ಯೂಟರ್ ಸ್ಯಾನ್ ಹೋಸೆ ಅಥವಾ ಸಾಂತಾ ಬಾರ್ಬರಾದಲ್ಲಿದ್ದರೆ ಆ ಪ್ರೋಗ್ರಾಂ ಚೀಟಿ ತುರುಕುತ್ತಿರಲಿಲ್ಲ. ಯಾಕೆ? ಮೊದಲನೆಯದು ಈಬೇಯ ಊರು, ಎರಡನೆಯದು ಕಮಿಷನ್ ಜಂಕ್ಷನ್‌ನ ಊರು. ತಪಾಸಣೆ ಮಾಡೋರು ಕೂತಿರೋ ಊರುಗಳನ್ನು ಬಿಟ್ಟು ಉಳಿದ ದೇಶವೆಲ್ಲಾ ಸೊನ್ನೆ ಸುತ್ತೋದು. ನಮ್ಮ ಟೀ ಅಂಗಡಿ ಆಸಾಮಿಯೂ ಮಂಡಿ ಬಾಗಿಲಲ್ಲಿ ಬಳಪ ತೆಗೆದೋನಲ್ಲ. ಕೋಡ್ ಬರೆಯೋ ನನಗೆ ಇದರ ಅರ್ಥ ಚೆನ್ನಾಗಿ ಗೊತ್ತಾಗುತ್ತೆ. ಅದು ಕೈತಪ್ಪಿ ಆದ ಬಗ್ ಅಲ್ಲ. ಯಾರೋ ಕೂತು ಯೋಚಿಸಿ ಆ ಷರತ್ತನ್ನು ಬರೆದಿದ್ದಾರೆ.

2007ರ ಜೂನ್‌ನಲ್ಲಿ ಎಫ್‌ಬಿಐ ಹೋಗನ್ ಮನೆ ಬಾಗಿಲು ತಟ್ಟಿತು. 2008ರಲ್ಲಿ ಈಬೇ ಸಿವಿಲ್ ಮೊಕದ್ದಮೆ ಹೂಡಿತು. 2010ರಲ್ಲಿ ಕ್ರಿಮಿನಲ್ ಆರೋಪಪಟ್ಟಿ ಬಂತು. ಕೊನೆಗೆ ಇಬ್ಬರೂ ತಪ್ಪೊಪ್ಪಿಕೊಂಡರು. 2014ರಲ್ಲಿ ಹೋಗನ್‌ಗೆ 5 ತಿಂಗಳು, ಡನಿಂಗ್‌ಗೆ 15 ತಿಂಗಳು ಜೈಲಾಯ್ತು.

ಕಳ್ಳ ಸಿಕ್ಕಿಬಿದ್ದ, ಕಥೆ ಮುಗೀತು ಅಂತ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದ್ರೆ ನನ್ನನ್ನು ಕಾಡೋ ಪ್ರಶ್ನೆ ಬೇರೆ. ಕಂಪನಿಯ ಒಂದನೇ ನಂಬರ್, ಎರಡನೇ ನಂಬರ್ ದಲ್ಲಾಳಿಗಳ ಲೆಕ್ಕ ಅಷ್ಟು ವರ್ಷ ಹಾಗೇ ನಡೆದಿದ್ದು ಹೇಗೆ? ಅವರಷ್ಟು ಬುದ್ಧಿವಂತರು ಈಬೇಯಲ್ಲಿ ಇರಲಿಲ್ಲವಾ?

ಇದಕ್ಕೆ ಉತ್ತರ ನನ್ನ ಸ್ವಂತ ಅನುಭವದಿಂದ ಹೇಳ್ತೀನಿ. 2015ರ ಸುಮಾರಿಗೆ ನಾನೊಂದು ಆನ್‌ಲೈನ್ ಮಾರಾಟದ ಕಂಪನಿಯಲ್ಲಿದ್ದೆ. ಹೆಸರು ಬೇಡ. ಯಾವ ಆರ್ಡರ್ ಯಾವ ಅಫಿಲಿಯೇಟ್‌ನಿಂದ ಬಂತು ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ನಮ್ಮ ತಂಡದ್ದು. ನಿಯಮ ಎಲ್ಲಾ ಕಡೆ ಇದ್ದ ಹಾಗೇ ಇತ್ತು. ಕೊನೆಯ ಕ್ಲಿಕ್ ಯಾರದೋ ಪೂರ್ತಿ ಕಮಿಷನ್ ಅವರದು.

ನಿಜವಾದ ಶಿಫಾರಸಿಗೆ ಒಂದು ಲಯ ಇರುತ್ತೆ. ಯಾರೋ ಒಂದು ಫೋನಿನ ಬಗ್ಗೆ ಬರೆದದ್ದು ಓದಿ ನೀವು ಕೊಂಡಿ ಒತ್ತಿದಿರಿ ಅಂದ್ಕೊಳ್ಳಿ. ಕೊಳ್ಳೋರು ಬಹಳಷ್ಟು ಜನ ಸ್ವಲ್ಪ ಹೊತ್ತಿನಲ್ಲೇ ಕೊಳ್ತಾರೆ, ಕೆಲವರು ಸಂಜೆ ಮನೆಯಲ್ಲಿ ಕೇಳಿ ಕೊಳ್ತಾರೆ, ಇನ್ನು ಕೆಲವರು ಸಂಬಳ ಬಂದ ಮೇಲೆ. ಗ್ರಾಫ್ ಎತ್ತರದಲ್ಲಿ ಶುರುವಾಗಿ ನಿಧಾನಕ್ಕೆ ಇಳಿಯುತ್ತೆ. ಕುಕಿ ತುರುಕಿದ್ದರೆ ಕ್ಲಿಕ್ಕಿಗೂ ಆರ್ಡರಿಗೂ ಸಂಬಂಧವೇ ಇರಲ್ಲ. ಗ್ರಾಫ್ ಹದ ಮಾಡಿದ ಹೊಲದ ಹಾಗೆ ಸಪಾಟು. ಕ್ಲಿಕ್ ಲಕ್ಷಗಟ್ಟಲೆ, ಕೊಂಡವರು ಬೆರಳೆಣಿಕೆ. ಇನ್ನೊಂದು ಜಾತಿ ಇದೆ. ಗಿರಾಕಿ ಬುಟ್ಟಿ ತುಂಬಿಸಿ, ವಿಳಾಸ ಬರೆದು, ದುಡ್ಡು ಕೊಡೋ ಪುಟಕ್ಕೆ ಬಂದಮೇಲೆ ಅವನ ಬ್ರೌಸರಿನಲ್ಲೋ ಫೋನಿನಲ್ಲೋ ಕೂತ ಯಾವುದೋ ಪ್ರೋಗ್ರಾಂ ಕೊನೇ ಗಳಿಗೆಯಲ್ಲಿ ಒಂದು ಕ್ಲಿಕ್ ಹುಟ್ಟಿಸುತ್ತೆ. ಆಗ ಕ್ಲಿಕ್ಕಿಗೂ ಆರ್ಡರಿಗೂ ನಡುವೆ ಬರೀ ಕೆಲವು ಸೆಕೆಂಡು.

ನಮ್ಮ ಅತಿ ದೊಡ್ಡ ಪಾರ್ಟ್‌ನರ್‌ನ ಆರ್ಡರುಗಳು ಆ ಎರಡನೇ ಜಾತಿಯವು. ಹತ್ತು ಸೆಕೆಂಡಿನಲ್ಲಿ ಮನುಷ್ಯ ಮಾತ್ರದವನು ಕೊಂಡಿ ಒತ್ತಿ, ಶರ್ಟ್ ಆರಿಸಿ, ಸೈಜ್ ನೋಡಿ, ವಿಳಾಸ ತುಂಬಿ, ಒಟಿಪಿ ಹಾಕೋಕೆ ಸಾಧ್ಯವಾ? ನಾನು ಒಂದು ಶೀಟ್ ಮಾಡಿ ಮ್ಯಾನೇಜರ್‌ಗೆ ತೋರಿಸಿದೆ. ಅವರು ದಡ್ಡರಲ್ಲ. ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಂಡರು. "ಕರೆಕ್ಟಾಗೇ ಹಿಡಿದಿದೀಯ. ಈ ಕ್ವಾರ್ಟರ್ ಮುಗೀಲಿ, ಮಾತಾಡೋಣ" ಅಂದ್ರು.

ಆ ಕ್ವಾರ್ಟರ್ ಮುಗೀತು, ಅದರ ಮುಂದಿನದೂ ಮುಗೀತು. ಅಫಿಲಿಯೇಟ್ ತಂಡದ ಬೋನಸ್ ಎಷ್ಟು ಆರ್ಡರ್ ತಂದರು ಅನ್ನೋದರ ಮೇಲೆ. ನಡುವಿನ ನೆಟ್‌ವರ್ಕ್ ಕಂಪನಿಯ ಪಾಲು ಎಷ್ಟು ಕಮಿಷನ್ ಹರಿಯಿತು ಅನ್ನೋದರ ಮೇಲೆ. ಕಳ್ಳ ಹೋದ್ರೆ ಎಲ್ಲರ ಅಂಕಿಯೂ ಇಳಿಯುತ್ತೆ. ನಿಜ ಹೇಳಿದ್ರೆ ಲಾಭ ಯಾರಿಗೆ? ಕಂಪನಿಗೆ. ಆದ್ರೆ ಮೀಟಿಂಗಿನಲ್ಲಿ ಕಂಪನಿ ಅನ್ನೋ ವ್ಯಕ್ತಿ ಬಂದು ಕೂತಿರಲ್ಲ, ಕೂತಿರೋರು ಬೋನಸ್ ಇರೋ ಮನುಷ್ಯರು. ನಾನೂ ಅವರಲ್ಲೊಬ್ಬ. ಅಪ್ರೈಸಲ್ ಹತ್ತಿರ ಇತ್ತು, ಸುಮ್ಮನಿದ್ದೆ. ಹನ್ನೊಂದು ತಿಂಗಳು.

ಆ ಹನ್ನೊಂದು ತಿಂಗಳಲ್ಲಿ ಒಂದು ಮೇಲ್ ಬಂತು. ಉತ್ತರ ಕರ್ನಾಟಕದ ಕಡೆಯ ಒಬ್ಬ ಹುಡುಗ, ಕಡಿಮೆ ಬೆಲೆಯ ಫೋನುಗಳ ಬಗ್ಗೆ ಕನ್ನಡದಲ್ಲಿ ಬರೀತಿದ್ದ. ಒಂದೊಂದು ಫೋನನ್ನೂ ಯಾರ ಹತ್ತಿರವೋ ಎರವಲು ತಂದು ವಾರ ಬಳಸಿ ಬರೆಯೋನು. "ಸರ್, ನನ್ನ ಲಿಂಕಿನಿಂದ ಫೋನ್ ತಗೊಂಡೆವು ಅಂತ ಓದುಗರು ಬಿಲ್ ಫೋಟೋನೇ ಕಳಿಸ್ಯಾರ. ನನ್ನ ಲೆಕ್ಕದಾಗ ಯಾಕ ಬಂದಿಲ್ಲ?" ಅಂತ ಕೇಳಿದ್ದ. ನಾನು ಆ ಆರ್ಡರುಗಳನ್ನು ಹುಡುಕಿದೆ. ಅವನ ಕೊಂಡಿಯಿಂದಲೇ ಬಂದಿದ್ದರು. ಕೊನೇ ಹತ್ತು ಸೆಕೆಂಡಿನಲ್ಲಿ ನಮ್ಮ ದೊಡ್ಡ ಪಾರ್ಟ್‌ನರ್‌ನ ಚೀಟಿ ಬಿದ್ದಿತ್ತು, ಇವನ ಚೀಟಿ ಹೋಗಿತ್ತು. ನಾನು ಕಳಿಸಿದ ಉತ್ತರ ಹೀಗಿತ್ತು: "ನಮ್ಮ ವ್ಯವಸ್ಥೆಯ ಪ್ರಕಾರ ಈ ಆರ್ಡರುಗಳು ನಿಮ್ಮ ಖಾತೆಗೆ ಸೇರುವುದಿಲ್ಲ." ಮಾತು ಸುಳ್ಳಲ್ಲ, ಅದೇ ಅದರ ಕೆಟ್ಟತನ. ಕೆಲವು ತಿಂಗಳಾದ ಮೇಲೆ ಅವನು ಬರೆಯೋದು ನಿಲ್ಲಿಸಿದ.

ಮೋಸದ ಟ್ರಾಫಿಕ್ ಅಂದ್ರೆ ದೊಡ್ಡ ಕಂಪನಿಯ ದುಡ್ಡು ಹೋಗೋದು, ಹೋದ್ರೆ ಹೋಗ್ಲಿ ಬಿಡು ಅಂತ ಅಲ್ಲಿವರೆಗೂ ನಾನೂ ಅಂದ್ಕೊಂಡಿದ್ದೆ. ಆದ್ರೆ ಮಂಡಿಯವನು ಬಳಪದವನಿಗೆ ತನ್ನ ಜೇಬಿನಿಂದ ಕೊಡ್ತಾನಾ? ರೈತನ ತೂಕದಲ್ಲೋ ದಲ್ಲಾಳಿಯಲ್ಲೋ ಹಿಡ್ಕೊಳ್ತಾನೆ. ನಿಜವಾಗಿ ನಾಲ್ಕು ರೈತರನ್ನು ಹೊಸದಾಗಿ ಕರ್ಕೊಂಡು ಬಂದೋನಿಗೆ ಕೊಡೋಕೆ ಅವನ ಹತ್ರ ದುಡ್ಡು ಉಳಿದಿರಲ್ಲ.

ಹಾಗಾದ್ರೆ ತಡೆಯೋದು ಹೇಗೆ? ಚರಿತ್ರೆಯಲ್ಲಿ ಇದಕ್ಕೂ ಉತ್ತರಗಳಿವೆ. ಈಬೇ 2008ರಲ್ಲಿ ನಡುವಿನವರನ್ನು ಬಿಟ್ಟು ತನ್ನದೇ ಪಾರ್ಟ್‌ನರ್ ನೆಟ್‌ವರ್ಕ್ ಕಟ್ಟಿಕೊಂಡಿತು. 2009ರಲ್ಲಿ ಬಂದ ಗಿರಾಕಿಯ ಗುಣ ನೋಡಿ ದರ ಕಟ್ಟೋ ಪದ್ಧತಿ ತಂದಿತು. ಬೆನ್ ಎಡೆಲ್ಮನ್ ಅನ್ನೋ ಸಂಶೋಧಕ, ಈ ಮೋಸಗಳ ಹಿಂದೆ ವರ್ಷಗಟ್ಟಲೆ ಬಿದ್ದವನು, ಇನ್ನೊಂದು ಸಲಹೆ ಕೊಟ್ಟ. ಕಮಿಷನ್ ತಕ್ಷಣ ಕೊಡಬೇಡಿ, ಕೆಲವು ತಿಂಗಳು ತಡೆದು ಕೊಡಿ. ಪ್ರಾಮಾಣಿಕ ಕಾಯ್ತಾನೆ. ಕಳ್ಳನಿಗೆ ಕಾಯೋದು ಕಷ್ಟ, ಅಷ್ಟರಲ್ಲಿ ಸಿಕ್ಕಿಬಿದ್ರೆ ಪೂರ್ತಿ ಹೋಯ್ತು. ಇದೇ ಎಡೆಲ್ಮನ್, ವೆಸ್ಲಿ ಬ್ರಾಂಡಿ ಜೊತೆ ಸೇರಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಪಾಸಣೆ ಯಾರು ಮಾಡಬೇಕು ಅನ್ನೋದನ್ನು ನೋಡಿದ್ದಾರೆ. ಖಡಾಖಂಡಿತ ಕಳ್ಳತನ ಹಿಡಿಯೋದರಲ್ಲಿ ಹೊರಗಿನ ತಜ್ಞರು ಮುಂದೆ. ಕಳ್ಳತನವೋ ಜಾಣತನವೋ ಅನ್ನೋ ಮಬ್ಬು ವ್ಯವಹಾರಗಳನ್ನು ಹೊರಗಿಡೋದರಲ್ಲಿ ಕಂಪನಿಯ ಒಳಗಿನವರೇ ಮೇಲು. ಅಂದ್ರೆ ಇಬ್ಬರೂ ಬೇಕು.

ಆದ್ರೆ ಇವೆಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಕಳ್ಳರಿಲ್ಲದ ಒಂದು ಪ್ರಯೋಗ. ಈಬೇ ಅಂತ ಹುಡುಕಿದವರಿಗೆ ಈಬೇಯದೇ ಜಾಹೀರಾತು ತೋರಿಸೋಕೆ ಕಂಪನಿ ಸರ್ಚ್ ಎಂಜಿನ್‌ಗಳಿಗೆ ದುಡ್ಡು ಕೊಡ್ತಿತ್ತು. 2012ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಯಾಹೂ ಮತ್ತು ಎಂಎಸ್‌ಎನ್ ಮೇಲೆ ಅದನ್ನು ನಿಲ್ಲಿಸಿ ನೋಡಿದ್ರು. ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್‌ಗಳಲ್ಲಿ ಶೇ. 99.5ರಷ್ಟು ಪುಕ್ಕಟೆ ಕೊಂಡಿಯಿಂದ ವಾಪಸ್ ಬಂದವು! ಈಬೇ ಅಂತ ಟೈಪ್ ಮಾಡಿದವನು ಈಬೇಗೇ ಹೊರಟಿದ್ದ, ಅಷ್ಟೇ. ಥಾಮಸ್ ಬ್ಲೇಕ್, ಕ್ರಿಸ್ ನೊಸ್ಕೋ, ಸ್ಟೀವನ್ ಟಡೆಲಿಸ್ ಈ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿದರು. ಹೊಸಬರಿಗೆ, ಅಪರೂಪಕ್ಕೆ ಬರೋರಿಗೆ ಜಾಹೀರಾತು ಕೆಲಸ ಮಾಡುತ್ತೆ, ಆದ್ರೆ ಖರ್ಚಿನ ಬಹುಪಾಲು ಹೇಗೂ ಬರೋ ಹಳೇ ಗಿರಾಕಿಗಳ ಮೇಲೇ ಹೋಗ್ತಿದೆ ಅನ್ನೋದೂ ಅದರಲ್ಲಿತ್ತು. ಊಬರ್‌ನಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದ ಕೆವಿನ್ ಫ್ರಿಶ್ ಕೂಡ ಹೇಳಿಕೊಂಡಿದ್ದಾರೆ: ವರ್ಷಕ್ಕೆ 15 ಕೋಟಿ ಡಾಲರ್ ಖರ್ಚಿನಲ್ಲಿ 10 ಕೋಟಿ ನಿಲ್ಲಿಸಿದರೂ ಹೊಸ ಗಿರಾಕಿಗಳ ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಲಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ಕೊನೆಗೆ ಯಾರು ಮುಟ್ಟಿದ್ರು?" ಅಲ್ಲ. "ಇವನು ಇಲ್ಲದಿದ್ರೂ ಗಿರಾಕಿ ಬರ್ತಿದ್ನಾ?" ಅನ್ನೋದು. ಮೊದಲ ಪ್ರಶ್ನೆಗೆ ಕಂಪ್ಯೂಟರ್ ಥಟ್ ಅಂತ ಉತ್ತರ ಕೊಡುತ್ತೆ, ಅದಕ್ಕೇ ಎಲ್ಲರೂ ಅದನ್ನೇ ಕೇಳ್ತಾರೆ. ಎರಡನೆಯದಕ್ಕೆ ಒಂದಷ್ಟು ಕಡೆ ನಿಲ್ಲಿಸಿ ನೋಡಬೇಕು. ನಿಲ್ಲಿಸೋಕೆ ಧೈರ್ಯ ಬೇಕು, ಯಾಕಂದ್ರೆ ಏನೂ ಬದಲಾಗದೇ ಹೋದ್ರೆ ಇಷ್ಟು ದಿನ ಖರ್ಚು ಮಾಡಿದವರು ಜವಾಬು ಹೇಳಬೇಕಾಗುತ್ತೆ.

ಈ ಕಥೆ ಹಳೇದಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಒಬ್ಬ ಯೂಟ್ಯೂಬರ್, ಕೂಪನ್ ಹುಡುಕಿಕೊಡೋ ಹನಿ ಅನ್ನೋ ಬ್ರೌಸರ್ ಎಕ್ಸ್‌ಟೆನ್ಶನ್ ಕೊನೇ ಗಳಿಗೆಯಲ್ಲಿ ಬೇರೆಯವರ ಚೀಟಿ ಅಳಿಸಿ ತನ್ನದು ಹಾಕುತ್ತೆ ಅಂತ ಆರೋಪಿಸಿದ. ಪೇಪಾಲ್ 400 ಕೋಟಿ ಡಾಲರ್ ಕೊಟ್ಟು ಕೊಂಡ ಕಂಪನಿ ಅದು. ತಾನು ನಡೆದಿದ್ದು ಕೊನೆಯ ಕ್ಲಿಕ್ ಅನ್ನೋ ಉದ್ಯಮದ ನಿಯಮದ ಪ್ರಕಾರವೇ ಅಂತ ಪೇಪಾಲ್ ಹೇಳಿತು. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಕ್ರೋಮ್ ನಿಯಮ ಬದಲಿಸಿ, ಬಳಕೆದಾರನಿಗೆ ನೇರ ಪ್ರಯೋಜನ ಕೊಡದೆ ಎಕ್ಸ್‌ಟೆನ್ಶನ್‌ಗಳು ಅಫಿಲಿಯೇಟ್ ಚೀಟಿ ಹಾಕುವಂತಿಲ್ಲ ಅಂದಿತು. "ನಿಯಮದ ಪ್ರಕಾರ" ಅನ್ನೋ ಮಾತು ಓದಿದಾಗ ನನಗೆ ನಾನೇ ಕಳಿಸಿದ ಮೇಲ್ ನೆನಪಾಯ್ತು.

ನಮ್ಮಲ್ಲಿ ಕೊನೆಗೆ ಏನಾಯ್ತು? ಹನ್ನೊಂದು ತಿಂಗಳಾದ ಮೇಲೆ ಹೊಸ ಫೈನಾನ್ಸ್ ಹೆಡ್ ಬಂದ್ರು. ಅವರಿಗೆ ಹಳೇ ಅಂಕಿಗಳ ಮೇಲೆ ಮೋಹ ಇರಲಿಲ್ಲ. ನಾನು ಶೀಟ್ ಕಳಿಸಿದೆ. ಮೂರು ವಾರ ಆ ಪಾರ್ಟ್‌ನರ್‌ನ ಲೆಕ್ಕ ನಿಲ್ಲಿಸಿ ನೋಡಿದ್ರು. ಆರ್ಡರ್ ಕಡಿಮೆಯಾಗಲಿಲ್ಲ. ನಾಲ್ಕನೇ ವಾರ ಕರಾರು ರದ್ದಾಯ್ತು. ನನಗೊಂದು ಮೆಚ್ಚುಗೆ ಪತ್ರವೂ ಸಿಕ್ಕಿತು.

ಆ ಸಲ ಹಬ್ಬಕ್ಕೆ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಅಪ್ಪನಿಗೆ ಇದನ್ನೆಲ್ಲಾ ಹೇಳಿದೆ. ಕುಕಿ, ಸರ್ವರ್ ಬಿಟ್ಟು ಬಳಪ, ಮೂಟೆಯ ಲೆಕ್ಕದಲ್ಲೇ ಹೇಳಿದೆ. ಅಪ್ಪನಿಗೆ ಥಟ್ಟನೆ ಗೊತ್ತಾಯ್ತು. "ನಮ್ ಮಂಡಿಯಲ್ಲೂ ಹಂಗೇ ಆಗಿದ್ದು. ಒಂದಿನ ಸಾವ್ಕಾರ್ರು ನನ್ನೇ ಕೇಳಿದ್ರು, ಇವನು ಹೇಳಿದ್ದಕ್ಕೆ ಬಂದ್ರಾ ಇಲ್ಲಿಗೆ ಅಂತ. ನಮ್ಮಪ್ಪನ ಕಾಲದಿಂದ ಬರ್ತಿದೀವಲ್ಲ, ಇವನ್ಯಾಕೆ ಹೇಳ್ಬೇಕು ಅಂದೆ. ಅವತ್ತಿಗೆ ನಿಂತೋಯ್ತು."

"ಅಷ್ಟೇನಾ? ಅಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ ನೀನು?" ಅಂದೆ.

"ಯಾರೂ ಕೇಳಿರ್ಲಿಲ್ಲ. ನಮಗ್ಯಾಕೆ ಅಂತ ಸುಮ್ನಿದ್ದೆ" ಅಂದ್ರು. ಎಲೆಗೆ ಸುಣ್ಣ ಸವರ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದ್ರು: "ಅದ್ಸರಿ, ಆ ಫೋನಿನ ಹುಡುಗನಿಗೆ ಅವನ ದುಡ್ಡು ಕೊಟ್ರಾ?"

ಮೆಚ್ಚುಗೆ ಪತ್ರ ಬ್ಯಾಗಿನಲ್ಲಿತ್ತು, ಅಪ್ಪನಿಗೆ ತೋರಿಸೋಣ ಅಂತ ತಂದಿದ್ದೆ. ತೆಗೀಲಿಲ್ಲ.